ಇಂಗ್ಲೆಂಡು, ಇಟಲಿ ಮತ್ತು ಎಮ್ಮೆದೊಡ್ಡಿ ರಸ್ತೆ

ಕಳೆದ ಭಾನುವಾರ ನನ್ನನ್ನು ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿನಲ್ಲಿ ಒಂದು ಇಟಲಿ ಕಾರಿನ ಜೊತೆ ಬಿಟ್ಟು ಹೋದರು. ನನಗೆ ಡ್ರೈವಿಂಗ್ ಬರುವುದಿಲ್ಲ.

ಹೇಗಾಯಿತು ಅಂತೀರಾ? ಕಡೂರಿನ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರ ಬಳಿ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೊಂದಿದೆ. ಎಸ್ಟೇಟ್ ಮಾರಿ ತಮ್ಮ ದೇಶಕ್ಕೆ ಹೊರಟ ದೊರೆಯೊಬ್ಬರಿಂದ ಕೊಂಡದ್ದು. ತರೀಕೆರೆಯಲ್ಲಿ ಸಾಮಿಲ್ ಇಟ್ಟಿರುವ ರಹೀಂ ಸಾಹೇಬರದು ಇಟಲಿಯ ಕಾರು. ಬೊಂಬಾಯಿಯ ಹರಾಜಿನಲ್ಲಿ ಹಿಡಿದದ್ದು. ಅದರಲ್ಲಿ ಈಗ ಇಟಲಿಯದೆಂದರೆ ಬಣ್ಣ ಮಾತ್ರ. ಒಳಗಿನದರಲ್ಲಿ ಅರ್ಧ ತರೀಕೆರೆಯ ಲೇತ್‌ನಲ್ಲಿ ಹುಟ್ಟಿದ್ದು. ಎರಡಕ್ಕೂ ಎರಡೆರಡೇ ಸೀಟು. ಇಂಥವು ದೇಶದಲ್ಲೇ ಬೆರಳೆಣಿಕೆಯಷ್ಟಿವೆಯಂತೆ. (ನಮ್ಮ ರಸ್ತೆಗಳನ್ನು ನೋಡಿದರೆ ಅಷ್ಟೇ ಸಾಕು.)

ಇಬ್ಬರೂ ಹೈಸ್ಕೂಲಿನಿಂದ ಗೆಳೆಯರು. ಸಿಕ್ಕಾಗಲೆಲ್ಲ ಇದೇ ಜಗಳ.

"ನಿಂದು ಬರೀ ಸದ್ದು ಕಣೋ. ಕೆಮ್ಮಣ್ಣುಗುಂಡಿ ಹತ್ತೋವಾಗ ಎಷ್ಟ್ ಸಲ ನಿಲ್ತು?" ಎನ್ನುತ್ತಾರೆ ರುದ್ರಪ್ಪ.

"ನಿಂದು ನಿಲ್ಲೋದೇ ಇಲ್ಲ ಬಿಡು. ಓಡಿದ್ರೆ ತಾನೆ ನಿಲ್ಲೋದು?" ಎನ್ನುತ್ತಾರೆ ರಹೀಂ.

ಕೊನೆಗೆ ಒಂದು ತೀರ್ಮಾನ ಆಗಿಯೇಬಿಡಲಿ ಎಂದು ರೇಸ್ ಇಟ್ಟುಕೊಂಡರು. ಜಡ್ಜ್ ನಾನು. ಅಜ್ಜಂಪುರದಿಂದ ಎಲ್ಲಿಗೇ ಹೋದರೂ ಬಸ್ಸಿನಲ್ಲೇ ಹೋಗುವ ನನಗಿದ್ದ ಅರ್ಹತೆ ಒಂದೇ, ಪೇಪರಿಗೆ ಬರೆಯುತ್ತೇನೆ.

ಕಾವಲಿನ ರಸ್ತೆಯಲ್ಲಿ ಇಟಲಿ ಮುಂದಿತ್ತು. ನಾನು ಅದರಲ್ಲಿದ್ದೆ. ತಿರುಗಿ ನೋಡಿದರೆ ಇಂಗ್ಲೆಂಡು ರಸ್ತೆ ಬದಿಗೆ ನಿಂತಿದೆ.

"ಕೆಟ್ಟೋಯ್ತು!" ಎಂದು ನಗುತ್ತಾ ರಹೀಂ ಗಾಡಿ ತಿರುಗಿಸಿದರು.

ಕೆಟ್ಟಿದ್ದು ಗಾಡಿಯಲ್ಲ. ರುದ್ರಪ್ಪ ಎದೆ ಹಿಡಿದುಕೊಂಡು ಸ್ಟೇರಿಂಗ್ ಮೇಲೆ ಒರಗಿದ್ದರು. ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ರಹೀಂ ಯೋಚಿಸಲೇ ಇಲ್ಲ. ಗೆಳೆಯನನ್ನು ಪಕ್ಕದ ಸೀಟಿಗೆ ಸರಿಸಿ, ಅವರ ಕಾರನ್ನೇ ಹತ್ತಿದರು.

"ನಿಮ್ಮದು ಬೇಗ ಹೋಗುತ್ತಲ್ಲ?" ಎಂದೆ.

"ದಾರೀಲಿ ನಿಂತ್ಬಿಟ್ರೆ ಏನ್ ಗತಿ ಕಣ್ರೀ?" ಎಂದವರೇ ಹೊರಟುಬಿಟ್ಟರು.

ಹೀಗೆ ನಾನೂ ಇಟಲಿಯೂ ಉಳಿದೆವು. ಅಮೃತಮಹಲ್ ಹೋರಿಯೊಂದು ಬಂದು ಬಾನೆಟ್ಟಿಗೆ ಕುತ್ತಿಗೆ ಉಜ್ಜಿಕೊಂಡಿತು. ನಾನು ತಡೆಯಲಿಲ್ಲ. (ಅದರ ಕೊಂಬು ನೋಡಿದ್ದೀರಾ?)

ಸಂಜೆ ಬಸ್ಸು ಹಿಡಿದು ಕಡೂರಿನ ಆಸ್ಪತ್ರೆಗೆ ಹೋದೆ. ರುದ್ರಪ್ಪ ಬದುಕಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ರಹೀಂ ಮಂಚದ ತುದಿಯಲ್ಲಿ ಗೆಳೆಯನ ಪಾದ ಹಿಡಿದು ಕುಳಿತಿದ್ದರು.

ರುದ್ರಪ್ಪ ಕಣ್ಣು ಬಿಟ್ಟರು. "ಯಾವುದ್ರಲ್ಲಿ ಕರ್ಕೊಂಡ್ ಬಂದ್ಯೋ?"

"ನಿಂದ್ರಲ್ಲೇ ಕಣೋ."

"ಥೂ ನಿನ್ನ! ಸಾಯೋನ್ನ ಅದ್ರಲ್ಲಿ ತರ್ತಾರೇನೋ? ನಿಂದ್ರಲ್ಲಾಗಿದ್ರೆ ಇನ್ನೂ ಬೇಗ ಬರ್ತಿದ್ವಲ್ಲೋ!"

ರಹೀಂ ನಗಲು ಹೋಗಿ ಅತ್ತುಬಿಟ್ಟರು. ನರ್ಸ್ ಬಂದು ಇಬ್ಬರನ್ನೂ ಗದರಿದರು.

ಅಲ್ಲ, ಪಕ್ಕದವನದು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬೇಕಾದರೆ ನಮಗೆ ಎದೆಯೇ ನೋಯಬೇಕೆ?