ಮುಕಾವಿರ್ ದಾರಿಯಲ್ಲಿ ಹಿಲ್ಡಾ ಟೀಚರ್

ಹಿಲ್ಡಾ ಟೀಚರ್ ಕ್ಷಮೆಯ ಪಾಠವನ್ನು ಎಂದೂ ಮಾಡಿದವರಲ್ಲ. ಬೈಬಲಿನಲ್ಲಿ ಯಾರು ಯಾರ ಮೇಲೆ ಹೇಗೆ ಸೇಡು ತೀರಿಸಿಕೊಂಡರು ಎಂಬುದು ಮಾತ್ರ ಅವರಿಗೆ ಬಾಯಿಪಾಠ. ಆ ಕತೆಗಳನ್ನು ಹೇಳುವಾಗ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು, ದನಿ ತಣ್ಣಗಾಗುತ್ತಿತ್ತು.

ಊರು ಉಡುಪಿ ಹತ್ತಿರದ ಕಲ್ಯಾಣಪುರ. ದುಬೈಯಲ್ಲಿ ನಾನು ಓದಿದ ಶಾಲೆಗೆ ಚರಿತ್ರೆಯ ಟೀಚರ್. ಪ್ರತಿವರ್ಷ ನಮ್ಮನ್ನು ಜೋರ್ಡಾನಿಗೆ ಕರೆದೊಯ್ದು, ಬೈಬಲಿನಲ್ಲಿ ಬರುವ ಊರುಗಳನ್ನು ಅಗೆದು ತೆಗೆದ ಜಾಗಗಳನ್ನು ತೋರಿಸುತ್ತಿದ್ದರು. ಈ ಪ್ರವಾಸವನ್ನು ಅವರೂ ಗಂಡ ವಲೇರಿಯನ್ನೂ ಸೇರಿ ಶುರುಮಾಡಿದ್ದು. ಆಮೇಲೆ ಆತ ಇನ್ನೊಬ್ಬಳ ಜೊತೆ ಹೋದ. ಹೋಗುವಾಗ ಪ್ರವಾಸವನ್ನೂ ಎತ್ತಿಕೊಂಡು ಹೋದ. ದುಬೈಯದೇ ನೈಫ್ ಪೇಟೆಯಲ್ಲಿ ಟ್ರಾವೆಲ್ಸ್ ತೆರೆದು, ಬೇರೆ ಶಾಲೆಗಳ ಮಕ್ಕಳನ್ನು ಅದೇ ದಾರಿಯಲ್ಲಿ, ಟೀಚರ್ ಹೇಳಿಕೊಟ್ಟ ಮಾತುಗಳಲ್ಲೇ ಸುತ್ತಿಸತೊಡಗಿದ.

"ಅವ ಹೋದದ್ದಕ್ಕೆ ನಂಗೆ ಬೇಜಾರಿಲ್ಲ ಮಾರಾಯ್ತಿ," ಎಂದು ಟೀಚರ್ ಒಮ್ಮೆ ನನ್ನ ಅಮ್ಮನಿಗೆ ಹೇಳಿದ್ದರು. "ನನ್ನ ನೆಬೋ ಬೆಟ್ಟವನ್ನು ಅವಳಿಗೆ ತೋರಿಸಿದ ನೋಡು, ಅದನ್ನು ಬಿಡುವವಳಲ್ಲ ನಾನು."

ಅಂದಿನಿಂದ ಆತ ಹೊರಡುವ ದಿನವೇ ಟೀಚರ್ ಕೂಡ ಹೊರಡುತ್ತಿದ್ದರು. ನಾನು ಹೋದ ವರ್ಷ ನೆಬೋ ಬೆಟ್ಟದ ಮೇಲೆ ಎರಡೂ ಗುಂಪುಗಳು ಎದುರಾದವು. ವಲೇರಿಯನ್ನನ ಪಕ್ಕದಲ್ಲಿ ಹೊಸ ಹೆಂಡತಿಯೂ ಇದ್ದಳು. ಟೀಚರ್ ದನಿ ಎತ್ತಿದರು:

"ಮೋಶೆ ಇಲ್ಲೇ ನಿಂತದ್ದು ಮಕ್ಕಳೇ. ಒಂದು ಸಲ ಸಿಟ್ಟಲ್ಲಿ ಬಂಡೆಗೆ ಹೊಡೆದ ಅಂತ ದೇವರು ಅವನನ್ನು ಆಚೆ, ತಾನೇ ಕೊಡ್ತೇನೆ ಅಂದಿದ್ದ ನಾಡಿಗೆ ಕಾಲಿಡ್ಲಿಕ್ಕೆ ಬಿಡ್ಲಿಲ್ಲ. ದೂರದಿಂದ ನೋಡು, ನೋಡಿ ಸಾಯಿ ಅಂದ. ದೇವರೇ ಅಂಥವ, ಇನ್ನು ನಾವು ಯಾರು?"

ವಲೇರಿಯನ್ ತನ್ನ ಗುಂಪಿನ ಮಕ್ಕಳನ್ನು ಅವಸರವಸರವಾಗಿ ಕೆಳಗಿಳಿಸಿದ.

ಮರುದಿನ ಮುಕಾವಿರ್. ಬೈಬಲಿನ ಪ್ರವಾದಿ ಯೊವಾನ್ನನ ತಲೆ ಕಡಿಸಿದ ಹೆರೋದ ರಾಜನ ಕೋಟೆ ಇದ್ದ ಗುಡ್ಡ. ನೋಡಿ ಮರಳುವಾಗ ದಾರಿಬದಿಯಲ್ಲಿ ವಲೇರಿಯನ್ನನ ಬಸ್ಸು ಕೆಟ್ಟು ನಿಂತಿತ್ತು. ಮಕ್ಕಳ ಮುಖ ಬಿಸಿಲಿಗೆ ಬಾಡಿತ್ತು. ಟೀಚರ್ ನಮ್ಮ ಬಸ್ಸು ನಿಲ್ಲಿಸಿ, ಅವರನ್ನೆಲ್ಲ ಹತ್ತಿಸಿಕೊಂಡು, ನಮ್ಮ ನಡುವೆ ಒತ್ತಿ ಒತ್ತಿ ಕೂರಿಸಿದರು. ಕಲ್ಲಿನ ಮೇಲೆ ಕುಳಿತಿದ್ದ ಹೊಸ ಹೆಂಡತಿಗೂ "ಬಾ, ಹತ್ತು" ಎಂದರು. ಕೊನೆಗೆ ವಲೇರಿಯನ್ ಮೆಟ್ಟಿಲಿಗೆ ಕಾಲಿಟ್ಟು ಕೊಂಕಣಿಯಲ್ಲಿ ಮೆಲ್ಲಗೆ ಏನೋ ಹೇಳಿದ. ಟೀಚರ್ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಉತ್ತರಿಸಿದರು:

"ಜಾಗ ಇಲ್ಲ."

ಆತನೂ ಕನ್ನಡಕ್ಕೆ ಬಂದ. "ಹಿಲ್ಡಾ, ನಿನ್ನ ಪಕ್ಕದ ಸೀಟು ಖಾಲಿ ಉಂಟಲ್ಲ?"

"ಅಲ್ಲಿ ನನ್ನ ಬ್ಯಾಗ್ ಉಂಟು," ಎಂದು ಡ್ರೈವರ್ ಕಡೆ ತಿರುಗಿದರು. "ಯಲ್ಲಾ!"

ಬಸ್ಸು ಹೊರಟಿತು. ಹೊಸ ಹೆಂಡತಿ ತಿರುಗಿಯೂ ನೋಡಲಿಲ್ಲ. ಸಂಜೆ ಆತ ಯಾರದೋ ಪಿಕಪ್‌ನಲ್ಲಿ, ಕುರಿಗಳ ನಡುವೆ ನಿಂತುಕೊಂಡು ಹೋಟೆಲಿನ ಮುಂದೆ ಇಳಿದ. ಟೀಚರ್ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಅದನ್ನು ಪೂರ್ತಿ ನೋಡಿದರು. ಅವರು ಅಷ್ಟು ಚಂದ ಕಂಡದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಕತೆ ನಮಗಿಂತ ಮೊದಲೇ ದುಬೈ ತಲುಪಿತ್ತು. ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವ ಎಂದು ಯಾವ ಶಾಲೆಯೂ ಮತ್ತೆ ಆತನನ್ನು ಕರೆಯಲಿಲ್ಲ. ನೈಫ್‌ನ ಅಂಗಡಿಗೆ ಬೀಗ ಬಿತ್ತು. ಆತ ಒಬ್ಬನೇ ಮಂಗಳೂರಿಗೆ ಮರಳಿದ.

ಟೀಚರ್ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವ ಮೊದಲು, ಆ ಹೊತ್ತಿಗೆ ಕೆಲಸಕ್ಕೆಂದು ನಾವಿಬ್ಬರೂ ಸೇರಿದ್ದ ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ನನಗೆ ಸಿಕ್ಕಿದ್ದೇ ಕೊನೆ. ಅಂಜಲ್ ಕತ್ತರಿಸಲು ಕೊಟ್ಟು ನಿಂತಿದ್ದರು. ಸೊರಗಿದ್ದರು.

"ಈ ವರ್ಷ ಜೋರ್ಡಾನ್ ಇಲ್ವಾ ಟೀಚರ್?"

"ಬರೀ ಕಲ್ಲು ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಹೋಗೂದು?" ಎಂದರು. "ವಲೇರಿಯನ್ ತೀರಿಹೋದ, ಗೊತ್ತುಂಟಾ?"

"ಅಮ್ಮ ಹೇಳಿದ್ರು. ಹೋಗುವ ಮೊದಲು ಅವರು ನಿಮ್ಮ ಹತ್ರ ಮಾತಾಡಿದ್ರಾ?"

"ಆಸ್ಪತ್ರೆಯಿಂದ ಫೋನ್ ಮಾಡಿ ತಪ್ಪಾಯ್ತು ಅಂದ. ಇನ್ನೊಮ್ಮೆ ಕೇಳಲಿ ಅಂತ ಕಟ್ ಮಾಡಿದೆ." ಅವರ ಕಣ್ಣು ಕತ್ತಿಯ ಮೇಲೆಯೇ ಇತ್ತು. "ಅಷ್ಟರಲ್ಲಿ ಸತ್ತ. ನಂದಿನ್ನೂ ಮುಗಿದಿರ್ಲಿಲ್ಲ."