ಮೊದಲ ಬೆಲೆಗೆ ಮಾರದ ತುಮಿರಾ

ತುಮಿರಾ ಹೇಳಿದ ಬೆಲೆಗೆ ಯಾರಾದರೂ ಮರುಮಾತಿಲ್ಲದೆ ಒಪ್ಪಿಬಿಟ್ಟರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನಲವತ್ತೊಂದು ವರ್ಷದ ವ್ಯಾಪಾರದಲ್ಲಿ ಹಾಗಾದದ್ದು ಎರಡೇ ಸಲ. ಎರಡಕ್ಕೂ ನಾನು ಸಾಕ್ಷಿ. ಮೇಣದ ಚಿತ್ತಾರ ಬಿಡಿಸಿ ಬಣ್ಣ ಹಾಕಿದ ಬಾತಿಕ್ ಬಟ್ಟೆ ಮಾರುವ ಅವಳ ಅಂಗಡಿಗೂ ನನ್ನ ಗುಂಡಿ-ದಾರದ ಅಂಗಡಿಗೂ ನಡುವೆ ಇದ್ದದ್ದು ಒಂದೇ ಹಲಗೆ. ಅವಳು ಆ ಕಡೆ ನಿಟ್ಟುಸಿರಿಟ್ಟರೆ ಈ ಕಡೆ ನನ್ನ ಲೇಸು ಅಲುಗಾಡುತ್ತಿತ್ತು.

ಊರು ಜಾವಾ ದ್ವೀಪದ ಸೋಲೋ. ಹೆಸರಿಗೆ ಸೋಲೋ ಆದರೂ ಅರಮನೆ ಮಗ್ಗುಲಿನ ಬಟ್ಟೆಸಂತೆಯಲ್ಲಿ ಸೋಲೊಪ್ಪಿಕೊಂಡ ಒಬ್ಬರನ್ನೂ ನಾನು ಕಂಡಿಲ್ಲ. ತುಮಿರಾ ಒಂದು ಬಾತಿಕ್‌ಗೆ ನಾಲ್ಕೂವರೆ ಲಕ್ಷ ರುಪಿಯಾ ಎನ್ನುವಳು. ಲಕ್ಷ ಎಂದ ಕೂಡಲೇ ಎದೆ ಹಿಡಿದುಕೊಳ್ಳಬೇಡಿ. ನಮ್ಮಲ್ಲಿ ಒಂದು ಬಟ್ಟಲು ಸಾರಿಗೇ ಹತ್ತು ಸಾವಿರ. ಇಲ್ಲಿ ಎಲ್ಲರೂ ಲಕ್ಷಾಧೀಶರೇ, ಲಕ್ಷ್ಯಕ್ಕೆ ತೆಗೆದುಕೊಳ್ಳುವವರು ಮಾತ್ರ ಯಾರೂ ಇಲ್ಲ.

ಅವಳು ನಾಲ್ಕೂವರೆ ಎಂದರೆ ಗಿರಾಕಿ ಒಂದು ಎನ್ನಬೇಕು. ತುಮಿರಾ ಎದೆ ಮುಟ್ಟಿಕೊಂಡು ಸಾಲಿಗೆಲ್ಲ ಕೇಳುವಂತೆ ನರಳಬೇಕು. ಗಿರಾಕಿ ಎದ್ದು ಹೊರಡಬೇಕು. ಅವಳು ನಾಲ್ಕನೇ ಅಂಗಡಿ ದಾಟುವಷ್ಟರಲ್ಲಿ ತುಮಿರಾ ಕೂಗಬೇಕು. ಕೂಗಿದ ಮೇಲೂ ಮೂರು ಹೆಜ್ಜೆ ಮುಂದಿಟ್ಟು ಆಮೇಲೆ ತಿರುಗುವುದು ಗಿರಾಕಿಯ ಮರ್ಯಾದೆ. ಕೊನೆಗೆ ಒಂದೂವರೆಗೆ ಮುಗಿಯುತ್ತಿತ್ತು. ಒಂದೂವರೆಗೇ ಮುಗಿಯುತ್ತದೆಂದು ಬೆಳಗ್ಗೆ ಹಾಸಿಗೆಯಿಂದೇಳುವಾಗಲೇ ಇಬ್ಬರಿಗೂ ಗೊತ್ತಿರುತ್ತಿತ್ತು.

ಕಾನ್ವೆಂಟಿನ ಸಿಸ್ಟರುಗಳು ಸುಳ್ಳು ಮಹಾಪಾಪವೆಂದು ಕಲಿಸಿದ್ದರಿಂದ ನನಗೆ ಮೊದಮೊದಲು ಇದೆಲ್ಲ ಇರಿಸುಮುರಿಸು. ಒಂದು ದಿನ ಕೇಳಿಯೇಬಿಟ್ಟೆ.

"ತುಮಕ್ಕಾ, ನಿಜವಾದ ಬೆಲೆನೇ ಹೇಳಿಬಿಡಬಾರ್ದಾ?"

"ಹೆಣ್ಣು ನೋಡೋಕೆ ಬಂದ ದಿನಾನೇ ಕೂಸನ್ನ ಕೈಗೆ ಕೊಡ್ತಾರೇನೇ?" ಎಂದಳು.

ವೊನೊಗಿರಿಯಿಂದ ಸುಕಾಪ್ತಿ ಎಂಬಾಕೆ ವರ್ಷಕ್ಕೆರಡು ಸಲ ಬಸ್ಸಿಳಿದು ಬರುತ್ತಿದ್ದಳು. ಹತ್ತು ಸಾವಿರದ ವ್ಯತ್ಯಾಸಕ್ಕೆ ಇಬ್ಬರೂ ಒಂದೂವರೆ ಗಂಟೆ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಎರಡೆರಡು ಲೋಟ ಮಲ್ಲಿಗೆ ಚಹಾ ಇಳಿಯುತ್ತಿತ್ತು, ಸುಕಾಪ್ತಿಯ ಸೊಸೆಯ ವಿಚಾರಣೆ ನಡೆದು ತೀರ್ಪೂ ಆಗುತ್ತಿತ್ತು. "ನಿನ್ನ ಗಂಡನ ಹಲ್ಲು ಬಿದ್ದಿದ್ದಕ್ಕೆ ನಾನ್ಯಾಕೆ ರೇಟು ಇಳಿಸ್ಲಿ?" ಎಂದು ತುಮಿರಾ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸುಕಾಪ್ತಿ ತೀರಿಕೊಂಡಾಗ ತುಮಿರಾ ಅಂಗಡಿ ಮುಚ್ಚಿ ಹೋಗಿ ಬಂದಳು. ಗಿರಾಕಿ ಸತ್ತರೆ ಅಂಗಡಿ ಮುಚ್ಚುವ ಕಾಲವದು. ಈಗ ಅಂಗಡಿ ಸತ್ತರೂ ಗಿರಾಕಿಗೆ ಗೊತ್ತಾಗುವುದಿಲ್ಲ.

ಮೊದಲ ಬೆಲೆಗೆ ಒಪ್ಪಿ ಕೆಡಿಸಿದವರಲ್ಲಿ ಮೊದಲನೆಯವನು ಒಬ್ಬ ನೀಳಗಾಲಿನ ಪರದೇಶಿ, ಇಪ್ಪತ್ತು ವರ್ಷದ ಹಿಂದೆ. ನಾಲ್ಕೂವರೆ ಎಂದಳು; ಎಣಿಸಿ ಕೊಟ್ಟು ಹೊರಟೇಹೋದ. ತುಮಿರಾ ಆ ದುಡ್ಡಿಗೆ ಸಲ್ಲಬೇಕಾದ ಇನ್ನೆರಡು ಬಾತಿಕ್ ಕಂಕುಳಲ್ಲಿ ಅವುಚಿಕೊಂಡು ಅವನ ಹಿಂದೆ ಓಡಿದಳು. ಇನ್ನಷ್ಟು ದುಡ್ಡು ಕೇಳಲು ಬರುತ್ತಿದ್ದಾಳೆಂದು ಅವನೂ ಓಡಿದ. ಸೈಕಲ್ ರಿಕ್ಷಾ ಹತ್ತಿ "ಬೇಗ, ಬೇಗ" ಎನ್ನುತ್ತಿದ್ದವನ ಮಡಿಲಿಗೆ ಎರಡನ್ನೂ ಎಸೆದು, ಏದುಸಿರು ಬಿಡುತ್ತ ವಾಪಸ್ ಬಂದು ನೀರು ಕುಡಿದಳು.

"ನಾನು ಬೆಲೆ ಹೇಳಿದ್ದೆ ಕಣೇ, ಮಾರಿರ್ಲಿಲ್ಲ. ಹೇಳೋದು ಬೇರೆ, ಮಾರೋದು ಬೇರೆ. ಹೇಳಿದ್ದಕ್ಕೇ ನಾನು ದುಡ್ಡು ತಗೊಂಡ್ರೆ ಅದು ಜೇಬು ಕತ್ತರಿಸಿದ ಹಾಗೆ" ಎಂದಳು.

ಎರಡನೆಯ ಸಲ ಆಗುವ ಹೊತ್ತಿಗೆ ಸಂತೆಯೇ ಬದಲಾಗಿತ್ತು. ಆ ಕೆಟ್ಟ ಕಾಯಿಲೆಯ ವರ್ಷಗಳಲ್ಲಿ ಮನೆಯೊಳಗೆ ಕೂತು ಫೋನಿನಲ್ಲಿ ಕೊಳ್ಳುವುದನ್ನು ಕಲಿತ ಜನ, ಬಾಗಿಲು ತೆರೆದ ಮೇಲೂ ಹೊರಗೆ ಬರಲಿಲ್ಲ. ಬಂದವರು ಬಟ್ಟೆಯನ್ನು ಹಿಂಡಿ, ಮೂಸಿ, ಫೋಟೋ ತೆಗೆದು, "ಫೋನಲ್ಲಿ ಇದಕ್ಕಿಂತ ಕಮ್ಮಿ" ಎಂದು ನಮ್ಮೆದುರಿಗೇ ತೋರಿಸಿ ಹೋಗುತ್ತಿದ್ದರು. ಹನ್ನೊಂದನೇ ತಿಂಗಳ ಹನ್ನೊಂದರಂತೆ ತಿಂಗಳೂ ತಾರೀಖೂ ಒಂದೇ ಅಂಕಿಯಾದ ದಿನ ಫೋನಿನಲ್ಲಿ ಭಾರೀ ರಿಯಾಯಿತಿ, ಇಡೀ ದೇಶಕ್ಕೆ ಕೊಳ್ಳುವ ಜ್ವರ. ಅಂದು ಸಂತೆಯಲ್ಲಿ ಓಡಾಡುತ್ತಿದ್ದುದು ಬೆಕ್ಕುಗಳು ಮಾತ್ರ. ಮುಚ್ಚಿದ ಅಂಗಡಿಗಳಲ್ಲಿ ಬಳೆಯಾಕಾರದ ದೀಪಗಳು ಹತ್ತಿಕೊಂಡವು. ಹುಡುಗಿಯರು ದಾರಿಗೆ ಬೆನ್ನು ಮಾಡಿ, ದೀಪದ ನಡುವೆ ಸಿಕ್ಕಿಸಿದ ಫೋನಿಗೆ ಮುಖ ಮಾಡಿ ಮಾರತೊಡಗಿದರು. ನಿಜವಾದ ಗಿರಾಕಿಯೊಬ್ಬಳು ಬಂದು ನಿಂತರೆ, "ಶ್‌... ಸ್ವಲ್ಪ ಸುಮ್ನಿರಿ, ಲೈವ್ ನಡೀತಿದೆ!" ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ.

ತುಮಿರಾಳ ತಂಗಿಯ ಮಗಳು ರೆತ್ನೋ. ಮೂವತ್ತರ ಹೆಣ್ಣು, ಹೋಟೆಲಿನ ಸ್ವಾಗತಕಟ್ಟೆಯ ಕೆಲಸ ಹೋಗಿ ಕೈ ಖಾಲಿಯಿತ್ತು. ಒಂದು ಬೆಳಗ್ಗೆ ಅದೇ ಬಗೆಯ ದೀಪವೊಂದನ್ನು ತಂದು ದೊಡ್ಡಮ್ಮನ ಅಂಗಡಿಯಲ್ಲಿ ನಿಲ್ಲಿಸಿದಳು.

"ದೊಡ್ಡಮ್ಮ, ಇದನ್ನ ನೋಡ್ಕೊಂಡು ಮಾತಾಡಿ. ಎಲ್ಲರನ್ನೂ 'ಕಾಕ್' ಅನ್ನಿ. ಅಕ್ಕ ಅಂತ. ಫೋನಿನ ತೆರೆ ಕೆಳಗೆ ಹಳದಿ ಬುಟ್ಟಿ ಚಿತ್ರ ಇದೆ, ಬೇಕಾದ್ದನ್ನ ಅದಕ್ಕೆ ಹಾಕ್ಕೊಳ್ಳಿ ಅನ್ನಿ."

"ನಲವತ್ತು ವರ್ಷದಿಂದ ನಾನು ಮಾಡ್ತಿರೋದೂ ಜನಾನ ಬುಟ್ಟಿಗೆ ಹಾಕ್ಕೊಳ್ಳೋ ಕೆಲಸಾನೇ ಬಿಡು" ಎಂದಳು ತುಮಿರಾ. ಆಮೇಲೆ ದೀಪದೆದುರು ಕೂತು, ಶ್ರಾದ್ಧದ ದಿನ ಕಾಗೆ ಕರೆದಂತೆ, "ಕಾಕ್... ಕಾಕ್..." ಎಂದು ಶುರುಮಾಡಿದಳು.

ಬೆಲೆ ಎಷ್ಟು ಹಾಕಲಿ ಎಂದು ರೆತ್ನೋ ಕೇಳಿದ್ದಳು. "ನಾಲ್ಕೂವರೆ" ಎಂದಿದ್ದಳು ತುಮಿರಾ, ದಿನವೂ ಹೇಳುವಂತೆ. ಹೋಟೆಲಿನಲ್ಲಿ ಬರೆದಷ್ಟೇ ಬಾಡಿಗೆ ವಸೂಲು ಮಾಡಿ ರೂಢಿಯಿದ್ದ ರೆತ್ನೋ ಅದನ್ನೇ ಬರೆದಳು. ಇಬ್ಬರದೂ ತಪ್ಪಲ್ಲ. ಒಬ್ಬಳು ಮಾತು ಶುರುಮಾಡಿದ್ದಳು, ಇನ್ನೊಬ್ಬಳು ಮುಗಿಸಿಬಿಟ್ಟಿದ್ದಳು.

ಮೊದಲ ದಿನ ಹನ್ನೊಂದು ಜನ ನೋಡಿದರು, ಐವರು ನೆಂಟರು. ಒಬ್ಬಾಕೆ "ದುಬಾರಿ" ಎಂದು ಬರೆದು ಮಾಯವಾದಳು.

"ಹೋದ್ಲಾ? ಹೋಗ್ಲಿ, ನಾಲ್ಕು ಅಂಗಡಿ ನೋಡ್ಕೊಂಡು ಬರ್ತಾಳೆ" ಎಂದು ತುಮಿರಾ ನೆಮ್ಮದಿಯಿಂದ ಕಾದಳು. ಸಂಜೆ ಆಯಿತು.

"ಅವಳು ಬರಲ್ಲ ದೊಡ್ಡಮ್ಮ."

"ಕೂಗೋಣ ತಡಿ. ಎಷ್ಟು ದೂರ ಹೋಗಿರ್ತಾಳೆ?"

"ಹೇಗೆ ಕೂಗ್ತೀರಿ? ಅವಳು ಸಮುದ್ರದಾಚೆ ಮೇದಾನ್ ಊರಲ್ಲಿದ್ದಾಳೆ!"

ಮೂರನೆಯ ದಿನ ಫೋನು ಟಿಂಗೆಂದಿತು. ರೆತ್ನೋ ಕುಣಿದಾಡಿದಳು. ಸೋರೊಂಗ್ ಊರಿನ ಯೋಸಫಿನಾ ಎಂಬಾಕೆ ಒಂದು ಕಂದು ಬಾತಿಕ್ ಕೊಂಡಿದ್ದಳು. ಸೋರೊಂಗ್ ಅಂದರೆ ನಕಾಶೆಯ ಆ ತುದಿ, ಪಾಪುವಾ.

"ಎಷ್ಟಕ್ಕೆ?" ಎಂದಳು ತುಮಿರಾ.

"ನಾಲ್ಕೂವರೆಗೆ!"

"ಚೌಕಾಸಿ ಮಾಡ್ಲಿಲ್ವಾ?"

"ಇಲ್ಲ."

"ದುಬಾರಿ ಅಂತಾನೂ ಅನ್ಲಿಲ್ವಾ?"

"ಏನೂ ಅನ್ಲಿಲ್ಲ ದೊಡ್ಡಮ್ಮ, ದುಡ್ಡು ಕಟ್ಟಿಬಿಟ್ಟಿದ್ದಾಳೆ. ಖುಷಿಪಡಿ!"

ತುಮಿರಾಳ ಮುಖ ಒಗೆದ ಬಟ್ಟೆಯಂತಾಯಿತು. ಹೆಚ್ಚಾದ ಮೂರು ಲಕ್ಷವನ್ನು ತಕ್ಷಣ ವಾಪಸ್ ಕೊಡು ಎಂದಳು. ರೆತ್ನೋ ಫೋನನ್ನು ಮೇಲೆ ಕೆಳಗೆ ತಡಕಿದಳು. ಇಡೀ ವ್ಯಾಪಾರ ರದ್ದು ಮಾಡಬಹುದು, ಹೆಚ್ಚಾದ ದುಡ್ಡನ್ನಷ್ಟೇ ಹಿಂದೆ ಕೊಡಲು ಅದರಲ್ಲಿ ಗುಂಡಿಯೇ ಇರಲಿಲ್ಲ. ನನ್ನ ಅಂಗಡಿ ತುಂಬ ಗುಂಡಿಗಳಿದ್ದವು. ಬೇಕಾದ ಆ ಒಂದು ಮಾತ್ರ ನನ್ನಲ್ಲೂ ಇರಲಿಲ್ಲ.

"ರದ್ದು ಮಾಡಿದ್ರೆ, ಒಪ್ಪಿ ಕೊಂಡವಳ ಕೈಯಿಂದ ಕಿತ್ಕೊಂಡ ಹಾಗಾಗುತ್ತೆ. ಬೇಡ" ಎಂದಳು ತುಮಿರಾ. ಸೋರೊಂಗ್‌ವರೆಗೆ ಹಿಂದೆ ಓಡುವಂತಿರಲಿಲ್ಲ, ನಡುವೆ ಸಮುದ್ರ. ಹಾಗಾಗಿ ಹಳೆಯ ಮದ್ದನ್ನೇ ಮಾಡಿದಳು. ಅದೇ ದರ್ಜೆಯ ಇನ್ನೆರಡು ಬಾತಿಕ್ ಸೇರಿಸಿ ಪೊಟ್ಟಣ ಕಟ್ಟಿಸಿದಳು. ಒಂಬತ್ತು ದಿನ ಅರೆಹೊಟ್ಟೆ ಉಂಡು ಕಾದಳು.

ಹತ್ತನೆಯ ದಿನ ಅಂಗಡಿಯ ಹೆಸರಿನ ಕೆಳಗೆ ಐದರಲ್ಲಿ ಮೂರೇ ನಕ್ಷತ್ರ ಮೂಡಿತು. ಪಕ್ಕದಲ್ಲಿ ಬರೆದಿತ್ತು: "ಬಟ್ಟೆ ಚೆನ್ನಾಗಿದೆ. ಒಂದು ಕೇಳಿದರೆ ಮೂರು ಕಳಿಸುತ್ತಾರೆ. ಪಾಪ, ಇವರಿಗೆ ಎಣಿಕೆ ಬರುವುದಿಲ್ಲ. ಎರಡನ್ನು ವಾಪಸ್ ಕಳಿಸುತ್ತಿದ್ದೇನೆ."

ರೆತ್ನೋ ಅತ್ತಳು ನಕ್ಷತ್ರಕ್ಕೆ. ತುಮಿರಾ ಅತ್ತದ್ದು ಕೊನೆಯ ಸಾಲಿಗೆ. ಎರಡು ವಾಪಸ್ ಬಂದರೆ ಮೂರು ಲಕ್ಷ ಅವಳ ಕೊರಳಿಗೇ ಉಳಿಯುತ್ತಿತ್ತು.

"ಆ ಹೆಂಗಸಿನ ಮುಖ ನಂಗೆ ಕಾಣ್ಬೇಕು. ಈಗ್ಲೇ" ಎಂದಳು.

ರೆತ್ನೋ ಸಂದೇಶ ಕಳಿಸಿ ಒಪ್ಪಿಸಿದಳು. ಮಧ್ಯಾಹ್ನ ಫೋನಿನಲ್ಲಿ ಯೋಸಫಿನಾ ಕಾಣಿಸಿಕೊಂಡಳು. ಗುಂಗುರು ಕೂದಲು, ಶಾಲಾ ಶಿಕ್ಷಕಿಯ ಸಮವಸ್ತ್ರ, ಹಿಂದೆ ಕಿಟಕಿ. ನಮ್ಮ ಸಾಲಿನ ಅಂಗಡಿಯವರೆಲ್ಲ ಬಂದು ನೆರೆದರು. ಬಹಳ ದಿನದ ಮೇಲೆ ಅಲ್ಲಿ ಅಷ್ಟು ಜನ ಸೇರಿದ್ದರು.

"ಇಬು, ನಾನೇನಾದ್ರೂ ತಪ್ಪು ಬರೆದ್ನಾ?" ಇಬು ಎಂದರೆ ಅಮ್ಮ; ಯೋಸಫಿನಾಳ ದನಿ ಅಳುಕುತ್ತಿತ್ತು.

"ನೀವು ಬರೆದಿದ್ದು ತಪ್ಪಲ್ಲ ತಾಯಿ, ಕೊಟ್ಟಿದ್ದು ತಪ್ಪು! ನಾಲ್ಕೂವರೆ ಅಂದ ತಕ್ಷಣ ಕೊಟ್ಟುಬಿಡೋದಾ?"

"ಇಲ್ಲಿ ಎಲ್ಲದಕ್ಕೂ ಜಾವಾದ ಎರಡರಷ್ಟು ಬೆಲೆ, ಇಬು. ಸೋಲೋದಿಂದ ಬರೋದಕ್ಕೆ ಅಷ್ಟಾಗ್ಬಹುದು ಅನ್ಕೊಂಡೆ."

"ಹಾಗಾದ್ರೆ ಈಗ ಚೌಕಾಸಿ ಮಾಡಿ."

"ದುಡ್ಡು ಕೊಟ್ಟಾಗಿದೆಯಲ್ಲ?"

"ಕೊಟ್ಟಿದ್ದು ಹಾಗಿರ್ಲಿ, ವ್ಯಾಪಾರ ಇನ್ನೂ ಆಗಿಲ್ಲ. ಕೇಳಿ: ನಾಲ್ಕೂವರೆ ಲಕ್ಷ. ಈಗ ನೀವು ಹೇಳಿ."

ಯೋಸಫಿನಾ ಯೋಚಿಸಿದಳು. "ನಾಲ್ಕೂಕಾಲು?"

ನಮ್ಮ ಸಾಲಿನವರೆಲ್ಲ ಒಟ್ಟಿಗೆ ಲೊಚಗುಟ್ಟಿದರು.

"ಅಯ್ಯೋ ಮಾರಾಯ್ತಿ, ಮಕ್ಕಳಿಗೆ ಏನು ಪಾಠ ಹೇಳ್ಕೊಡ್ತೀರಿ ನೀವು? ಒಂದು ಅನ್ನಿ!"

"ಅಷ್ಟು ಕಮ್ಮಿ ಹೇಗೆ ಕೇಳ್ಲಿ? ನಾಚ್ಕೆ ಆಗುತ್ತೆ."

"ಕೇಳಿ, ನಾನು ಬೈತೀನಿ."

"ಒಂದು... ಲಕ್ಷ."

"ಒಂದಾ!" ತುಮಿರಾ ಎದೆ ಮುಟ್ಟಿಕೊಂಡಳು. ಎಷ್ಟೋ ತಿಂಗಳಿಂದ ಮುಟ್ಟಿಕೊಂಡಿರದ ಎದೆ. "ಒಂದಕ್ಕೆ ಮೇಣ ಬರುತ್ತೇನ್ರೀ? ಬಣ್ಣ ಬರುತ್ತಾ? ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ ಫೋನು ಹಿಡ್ಕೊಂಡಿದ್ದೀರಾ?"

ಯೋಸಫಿನಾ ಬೆದರಿದಳು. "ಕ್ಷಮಿಸಿ ಇಬು! ಬೇಡ, ಬೇಡ, ನಾಲ್ಕೂವರೆನೇ ಇರ್ಲಿ!"

"ಹಿಂದೆ ಹೋಗ್ಬೇಡಿ!" ಎಂದು ಸಾಲಿನವರೆಲ್ಲ ಒಟ್ಟಿಗೆ ಅರಚಿದರು. ಬಟಾಣಿ ಮಾರುವ ಮುದುಕ ತಲೆ ತೂರಿಸಿ, "ಅಮ್ಮಾ, ಅವಳು ಬೈದ್ರೆ ಒಪ್ಪಿದ್ಲು ಅಂತ ಅರ್ಥ" ಎಂದು ಧೈರ್ಯ ಹೇಳಿದ.

"ಈಗ ನೀವು ಎದ್ದು ಹೋಗ್ಬೇಕು" ಎಂದಳು ತುಮಿರಾ.

"ಎಲ್ಲಿಗೆ?"

"ಪಕ್ಕದ ಅಂಗಡಿಗೆ."

"ಪಕ್ಕದಲ್ಲಿ ಸಮುದ್ರ ಇದೆ, ಇಬು."

"ಹಾಗಾದ್ರೆ ಅಡುಗೆಮನೆಗೆ ಹೋಗಿ. ಸಿಟ್ಟು ಮಾಡ್ಕೊಂಡು ಹೋಗಿ."

ಯೋಸಫಿನಾ ಎದ್ದಳು. ಫೋನಿನಲ್ಲಿ ಖಾಲಿ ಕುರ್ಚಿ, ಕಿಟಕಿ, ಕಿಟಕಿಯಾಚೆ ನೀಲಿ. ತುಮಿರಾ ಕಾದಳು. ನಾಲ್ಕು ಅಂಗಡಿಯ ಲೆಕ್ಕ ಅವಳ ಕಾಲಿನಲ್ಲೇ ಇತ್ತು. ಹೆಬ್ಬೆರಳು ಮೆಲ್ಲಗೆ ನೆಲ ತಟ್ಟುತ್ತಿತ್ತು. ಆಮೇಲೆ ಕತ್ತು ಚಾಚಿ, ಬಳೆದೀಪ ನಡುಗುವಂತೆ ಕೂಗಿದಳು:

"ಬನ್ನೀ! ಬನ್ರೀ ಇಲ್ಲಿ! ಎರಡಕ್ಕೆ ತಗೊಂಡ್ಹೋಗಿ!"

ಕುರ್ಚಿ ಖಾಲಿಯೇ ಇತ್ತು.

"ಒಂದೂಮುಕ್ಕಾಲು! ಏನ್ ತಾಯೀ, ಇಷ್ಟು ಕಲ್ಲು ಮನಸ್ಸಾ?"

ಎಲ್ಲೋ ಪಾತ್ರೆ ಸದ್ದಾಯಿತು. ದೂರದಿಂದ, ನಗು ತಡೆದ ಒಂದು ದನಿ, ಮೊದಲ ಸಲ ಗಟ್ಟಿಯಾಗಿ: "ಒಂದೂವರೆ! ಇಲ್ಲಾಂದ್ರೆ ಬರಲ್ಲ!"

"ಹಾಳಾಗ್ಲಿ, ಒಂದಕ್ಕೆ ಒಂದೂವರೆ! ಕೊಟ್ಟ ನಾಲ್ಕೂವರೆಗೆ ಮೂರೂ ಇಟ್ಕೊಳ್ಳಿ, ಲೆಕ್ಕ ಚುಕ್ತಾ!"

ಸಾಲಿನವರು ಚಪ್ಪಾಳೆ ಹೊಡೆದರು. ಯೋಸಫಿನಾ ಕುರ್ಚಿಗೆ ಬಂದು ಕೂತಾಗ ಅವಳ ಮುಖ ಅರಳಿತ್ತು, ಕಣ್ಣಂಚು ಒದ್ದೆ.

"ಎಷ್ಟು ವರ್ಷದಿಂದ ಫೋನಲ್ಲಿ ಕೊಳ್ತಿದ್ದೀನಿ ಇಬು. ಎದ್ದು ಹೋದ್ರೆ ವಾಪಸ್ ಬಾ ಅಂತ ಒಬ್ರೂ ಕರೆದಿರ್ಲಿಲ್ಲ."

"ಎರಡನೇ ಕೂಗಿಗೇ ಬಾಯಿ ಬಿಟ್ರಲ್ಲ, ಮೂರನೇದಕ್ಕೆ ಕಾಯ್ಬೇಕಿತ್ತು" ಎಂದು ತುಮಿರಾ ಗದರಿದಳು. ಅಂದು ಅವಳು ಎರಡು ತಟ್ಟೆ ಅನ್ನ ಉಂಡಳು.

ಮರುದಿನ ರೆತ್ನೋ, ಫೋನಿನಲ್ಲಿ ಇನ್ನು ಮುಂದೆ ನಿಜವಾದ ಬೆಲೆಯನ್ನೇ ಹಾಕಬೇಕು ಎಂದು ಪಟ್ಟು ಹಿಡಿದಳು. ತುಮಿರಾ ಬಟ್ಟೆ ಮಡಿಸತೊಡಗಿದಳು. "ಕೊನೇ ಬೆಲೆನ ಮೊದಲೇ ಹೇಳೋದು ಅಂದ್ರೆ, ಉಪ್ಪು ಬಡಿಸೋ ಹೊತ್ತಿಗೇ ಎಲೆ ಎತ್ತಿದ ಹಾಗೆ" ಎಂದಳು. ಆದರೆ ಇನ್ನೊಬ್ಬ ಯೋಸಫಿನಾ ಸುಮ್ಮನೆ ದುಡ್ಡು ಕಟ್ಟಿಬಿಟ್ಟರೆ ಎಂಬ ಹೆದರಿಕೆ ದೊಡ್ಡದಿತ್ತು. "ಹಾಕು. ಒಂದೂವರೆ. ಒಂದು ಬಿಡಿಕಾಸೂ ಜಾಸ್ತಿ ಬೇಡ, ಕಮ್ಮೀನೂ ಬೇಡ" ಎಂದಳು.

ದೀಪ ಹತ್ತಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ತೆರೆಯ ಮೇಲೆ ಯಾರೋ ಬರೆದರು: "ಸ್ವಲ್ಪ ಕಮ್ಮಿ ಮಾಡ್ತೀರಾ, ಕಾಕ್?"

ರೆತ್ನೋ "ಒಂದೇ ಬೆಲೆ" ಎಂದು ಒತ್ತಲು ಬೆರಳೆತ್ತಿದಳು. ತುಮಿರಾ ಆ ಬೆರಳನ್ನು ಹಿಡಿದಳು. ಇಳಿಸಲು ಅವಳ ಬಳಿ ಇನ್ನು ಏನೂ ಉಳಿದಿರಲಿಲ್ಲ. ಇಳಿಸಿದರೆ ಕೈಯಿಂದಲೇ ಹೋಗಬೇಕು. ತಲೆವಸ್ತ್ರ ಸರಿಮಾಡಿಕೊಂಡು, ಕಾಲು ಮಡಚಿ ನೆಟ್ಟಗೆ ಕೂತು, ದೀಪದ ಹತ್ತಿರಕ್ಕೆ ಮುಖ ತಂದಳು.

"ಎಷ್ಟು ಕೊಡ್ತೀಯಾ, ಹೇಳು" ಎಂದಳು.