ಮೈಯಿಲ್ಲದ ಬುದ್ಧ, ತಿರುಗಿ ಕೊಟ್ಟ ಸೀರೆ

“ಮಮ್ಮಿ, ಇವರ ಮೈ ಎಲ್ಲಿ ಹೋತು?”

ರವಿವಾರ ಮುಂಜಾನೆ ಶೋಕೇಸ್ ಒರೆಸುತ್ತಿದ್ದೆ. ಒಂಬತ್ತು ವರ್ಷದ ಮಗಳು ಶ್ರಾವಣಿ ಎರಡೂ ಕೈಯಲ್ಲಿ ಬುದ್ಧನ ತಲೆ ಹಿಡಿದುಕೊಂಡು ನಿಂತಿದ್ದಳು. ಬರೀ ತಲೆ. ಕುತ್ತಿಗೆಯ ಕೆಳಗೆ ಏನೂ ಇಲ್ಲ.

ಎರಡು ವರ್ಷದ ಹಿಂದೆ ವಿಜಯಪುರದ ಈ ಮನೆಯ ಗೃಹಪ್ರವೇಶಕ್ಕೆ ಬಂದ ಗಿಫ್ಟ್ ಅದು. ನಾನು ಪಾಠ ಹೇಳುವ ತಿಕೋಟಾದ ಕಾಲೇಜಿನ ಸಹೋದ್ಯೋಗಿಗಳು ಕೊಟ್ಟದ್ದು. (ಅಂದು ಒಟ್ಟು ನಾಲ್ಕು ಬುದ್ಧರು ಬಂದಿದ್ದರು. ಮೂವರನ್ನು ಬೇರೆಯವರ ಗೃಹಪ್ರವೇಶಕ್ಕೆ ಸಾಗಹಾಕಿದೆ. ನೀವೂ ಹಾಗೇ ಮಾಡಿದ್ದೀರಿ, ಸುಮ್ಮನಿರಿ.)

“ಶೋ ಪೀಸ್ ಅದು. ಹಂಗ ಇರತೈತಿ.”

“ಹನಮಪ್ಪಂದು ಬರೇ ತಲಿ ಇಡ್ತೀವೇನು ಮತ್ತ?”

ಊರ ಮಕ್ಕಳಿಗೆಲ್ಲ ಪಾಠ ಹೇಳುವವಳು ಮನೆಯ ಮಗುವಿನ ಮುಂದೆ ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದೆ. ಅಲ್ಲಿಂದ ಶುರುವಾಯಿತು ನೋಡಿ ವಿಚಾರಣೆ.

“ಇವರು ದೇವ್ರಾ?”

“ಅಲ್ಲ. ನಮ್ಮಂಗ ಮನಷ್ಯಾರ. ರಾಜನ ಮಗಾ ಇದ್ರು. ಮಂದಿ ದುಃಖ ನೋಡಿ, ಅದಕ್ಕ ಏನರ ದಾರಿ ಹುಡುಕಬೇಕಂತ ಮನಿ ಬಿಟ್ಟು ಹೋದ್ರು.”

“ಮನ್ಯಾಗ ಹೇಳಿ ಹೋದ್ರಾ?”

“ಇಲ್ಲ.”

“ಮನ್ಯಾಗ ಯಾರ್ಯಾರ ಇದ್ರು?”

“ಅಪ್ಪ, ಹೆಂಡತಿ, ಆಗಷ್ಟ ಹುಟ್ಟಿದ ಕೂಸು.”

ಮಗಳ ಹುಬ್ಬು ಗಂಟಿಕ್ಕಿತು. “ಇದೊಂದು ಅವರು ಚೊಲೋ ಮಾಡ್ಲಿಲ್ಲ.”

ದೊಡ್ಡವರ ಬಗ್ಗೆ ಹಾಗೆಲ್ಲ ಅನ್ನಬಾರದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹಿರಿಯರು ಹೇಳಿದರೆಂದು ಸುಮ್ಮನೆ ಒಪ್ಪಬೇಡಿ, ನೀವೇ ವಿಚಾರಿಸಿ ನೋಡಿ ಎಂದವನ ವಿಷಯದಲ್ಲೇ ಮಗುವಿನ ಬಾಯಿ ಮುಚ್ಚಿಸುವುದೇ?

“ಮುಂದ ತಿರಗಿ ಬಂದ್ರಾ?”

“ಬಂದ್ರು. ಭಾಳ ದಿನ ಆದಮ್ಯಾಲೆ. ಮಗನ್ನ ಕಂಡ್ರು, ಎಲ್ಲಾರ್ನೂ ಮಾತಾಡ್ಸಿದ್ರು.”

“ಹಂಗಾರ ಅಡ್ಡಿ ಇಲ್ಲ,” ಎಂದು ತಲೆಯನ್ನು ಶೋಕೇಸಿನಲ್ಲಿ ಜೋಪಾನವಾಗಿ ಇಟ್ಟಳು. ಬುದ್ಧನಿಗೆ ನನ್ನ ಮಗಳಿಂದ ಮಾಫಿ ಸಿಕ್ಕಿದ್ದು ಹೀಗೆ.

ನನಗೆ ಗೊತ್ತಿದ್ದದ್ದು ಪರೀಕ್ಷೆಗೆ ಓದಿದ ನಾಲ್ಕು ಸಾಲು. ಅದು ಎರಡು ದಿನದಲ್ಲಿ ಖರ್ಚಾಗಿ ಹೋಯಿತು. ಮುಂದಿನ ರವಿವಾರ ಅವಳನ್ನು ಊರೊಳಗಿನ ಒಂದು ಸಣ್ಣ ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋದೆ. ಇಷ್ಟು ವರ್ಷ ಅದರ ಮುಂದಿನಿಂದಲೇ ಸ್ಕೂಟಿ ಓಡಿಸಿದ್ದೇನೆ, ಒಮ್ಮೆಯೂ ಒಳಗೆ ಇಣುಕಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

“ಇಲ್ಲಿ ಮೈ ಐತಿ!” ಬಾಗಿಲಲ್ಲೇ ಕೂಗಿದಳು ಶ್ರಾವಣಿ.

ಒಳಗೆ ಕಸ ಗುಡಿಸುತ್ತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ಪೊರಕೆ ಬದಿಗಿಟ್ಟು ನಕ್ಕರು. ಮಗಳು ನೇರವಾಗಿ ಅವರ ಹತ್ತಿರ ಹೋಗಿ, “ಇವರಿಗೆ ಕೈ ಮುಗದ್ರ ಏನ್ ಕೊಡ್ತಾರ?” ಎಂದು ಕೇಳಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಏನೂ ಕೊಡಂಗಿಲ್ಲ ಬೇ,” ಎಂದರು ಆಕೆ, ಒಂದಿಷ್ಟೂ ಬೇಸರವಿಲ್ಲದೆ. “ಇಲ್ಲಿಗೆ ಬಂದು ನಾವ ಏನರ ಬಿಟ್ಟು ಹೋಗಬೇಕು. ಸಿಟ್ಟು, ಸುಳ್ಳು, ನಿನ್ನ ಹತ್ರ ಏನೈತಿ ಅದು.”

ಇಬ್ಬರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರು. ನಾನು ಮೊಬೈಲ್ ನೋಡುತ್ತಾ ಕೂತೆ. ವಾಟ್ಸ್ಯಾಪ್‌ನಲ್ಲಿ ಒಂದು ಆಮಂತ್ರಣ ಬಂದಿತ್ತು. ಬಬಲೇಶ್ವರದಿಂದ. ಶಾಂತಕ್ಕನ ಮಗಳ ಕುಬಸ.

ಶಾಂತಕ್ಕ ನನ್ನ ಗಂಡನ ಅಕ್ಕ. ಬಬಲೇಶ್ವರದಲ್ಲಿ ಅವರದು ಅರಿವೆ ಅಂಗಡಿ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕುಬಸಕ್ಕೆ ಸೋದರಮಾವನ ಮನೆಯವರೇ ಇಲ್ಲವೆಂದರೆ ಹೇಗೆ? ಆದರೆ ಎರಡು ವರ್ಷದಿಂದ ಶಾಂತಕ್ಕನಿಗೂ ನನಗೂ ಮಾತಿಲ್ಲ. ನಾನು ಆಮಂತ್ರಣ ನೋಡಿ ಫೋನ್ ಮಗುಚಿ ಇಟ್ಟೆ.

ಏನಾಯಿತೆಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಆಯೇರಿ ಎಂದರೆ ಬರೀ ಗಿಫ್ಟ್ ಅಲ್ಲ. ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಎಲ್ಲರ ಎದುರು ಸೀರೆ ಕೈಗಿಡುತ್ತಾರೆ. ಮನಸ್ಸಿಗೆ ಬರಲಿ ಬಿಡಲಿ, ತಗೊಳ್ಳಬೇಕು. ಬೇಡ ಅಂದರೆ ಮುಖಕ್ಕೆ ಹೊಡೆದ ಹಾಗೆ. ನಮ್ಮ ಗೃಹಪ್ರವೇಶದ ದಿನ ಶಾಂತಕ್ಕ ಮಾಡಿದ ಆಯೇರಿಯ ಸೀರೆಗೆ ಮಡಿಕೆಯ ಉದ್ದಕ್ಕೂ ಬಣ್ಣ ಹೋಗಿತ್ತು. ಅಂಗಡಿಯಲ್ಲಿ ಬಿಸಿಲು ತಿಂದ ಸೀರೆ. ತುಂಬಿದ ಮನೆಯಲ್ಲಿ ನಾನು ಅದನ್ನು ಬಿಚ್ಚಿ ನೋಡಿ, “ಇಟ್ಕೋರಿ ಅಕ್ಕಾ, ಅಂಗಡ್ಯಾಗ ಯಾರಿಗರ ಮಾರಾಕ ಬರ್ತೈತಿ” ಎಂದು ಅವರ ಮಡಿಲಿಗೇ ತಿರುಗಿ ಹಾಕಿದೆ. ಶಾಂತಕ್ಕ ಊಟಕ್ಕೂ ನಿಲ್ಲಲಿಲ್ಲ.

ತಪ್ಪು ಯಾರದು? ಅವರದೇ ಎಂದು ಎರಡು ವರ್ಷ ನನಗೆ ಖಾತ್ರಿಯಿತ್ತು. ಗಂಡ ನನ್ನ ಕಣ್ಣು ತಪ್ಪಿಸಿ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಮಗಳು ಮಾತ್ರ ಒಮ್ಮೊಮ್ಮೆ ತಲೆ ಬಾಚಿಸಿಕೊಳ್ಳುವಾಗ, “ಅತ್ತಿ ಬಾಚಿದ್ರ ನೋಯ್ತಿದ್ದಿಲ್ಲ” ಎಂದು ಗೊಣಗುತ್ತಿದ್ದಳು. ರಜೆ ಬಂದರೆ ಬಬಲೇಶ್ವರಕ್ಕೆ ಓಡುತ್ತಿದ್ದ ಹುಡುಗಿ. ಆ ಅಂಗಡಿಯ ಗಾದಿಯ ಮೇಲೆ ಉರುಳಾಡಿ ಬೆಳೆದವಳು.

ವಿಹಾರದಿಂದ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಕಟ್ಟೆಯ ಮೇಲೆ ಕೂತ ಮಗಳು ಮತ್ತೆ ಶುರು ಮಾಡಿದಳು.

“ಅವರಿಗೆ ಯಾರರ ಬೈದ್ರ ಸಿಟ್ಟ ಬರ್ತಿದ್ದಿಲ್ಲೇನು?”

ಈ ಕಥೆ ನನಗೆ ಗೊತ್ತಿತ್ತು. ಹುರುಪಿನಿಂದ ಹೇಳಿದೆ. ಒಬ್ಬ ಮನುಷ್ಯ ಬಂದು ಬುದ್ಧನಿಗೆ ಬಾಯಿಗೆ ಬಂದಂತೆ ಬೈದ. ಬುದ್ಧ ಸುಮ್ಮನೆ ಕೇಳಿದ. ಆಮೇಲೆ ನಾವು ಒಬ್ಬರಿಗೆ ಏನಾದರೂ ಕೊಡಲು ಹೋಗಿ ಅವರು ತಗೊಳ್ಳದಿದ್ದರೆ ಅದು ಯಾರದಾಗುತ್ತದೆ ಎಂದು ಅವನನ್ನೇ ಕೇಳಿದ. ಮಗುವಿಗೆ ಬೇಗ ತಿಳಿಯಲಿ ಎಂದು ನಮ್ಮ ಊರಿನ ಉದಾಹರಣೆ ಸೇರಿಸಿದೆ. (ಪಾಠ ಹೇಳುವವರ ಚಟ.)

“ಈಗ ಆಯೇರಿ ಇರ್ತೈತಲ್ಲ, ಹಂಗ. ನಾವು ತಗೊಳ್ಳಿಲ್ಲಂದ್ರ ಆ ಸೀರಿ ಯಾರ ಮನಿಗೆ ಹೋಗ್ತೈತಿ?”

“ತಂದವರ ಮನಿಗೆ.”

“ಹಂಗ, ಬೈಗುಳಾನೂ ಬುದ್ಧ ತಗೊಳ್ಳಿಲ್ಲ. ತಂದವನ ಹತ್ರನ ಉಳೀತು.”

ಎಂಥ ಚಂದದ ಉದಾಹರಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಮಗಳು ಗಲ್ಲಕ್ಕೆ ಕೈ ಹಚ್ಚಿ ಯೋಚಿಸತೊಡಗಿದಳು. ನಾನು ರೊಟ್ಟಿ ತಿರುವಿ ಹಾಕಿದೆ.

“ಮಮ್ಮಿ, ನೀ ಉಲ್ಟಾ ಮಾಡೀದಿ.”

“ಏನು?”

“ಅತ್ತಿ ಸೀರಿ ತಿರಗಿ ಕೊಟ್ಟಿ. ಸಿಟ್ಟು ತಗೊಂಡಿ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಹತ್ತು ವರ್ಷದಿಂದ ಪಾಠ ಹೇಳುತ್ತೇನೆ. ಕನಮಡಿಯಿಂದ, ಕಳ್ಳಕವಟಗಿಯಿಂದ ಬರುವ ಮಕ್ಕಳಿಗೆ ವಿಚಾರ ಮಾಡಿ, ಪ್ರಶ್ನೆ ಕೇಳಿ ಎಂದು ಬೋಧಿಸುತ್ತೇನೆ. ಒಂದು ಕಥೆ ಕೇಳಿ ಅದನ್ನು ತಕ್ಷಣ ತನ್ನ ಮನೆಗೆ ಹಚ್ಚಿ ನೋಡುವ ಬುದ್ಧಿ ನನಗೇ ಬಂದಿರಲಿಲ್ಲ. ಬುದ್ಧನ ಮಾತು ಇಷ್ಟು ಕಾಲ ಬದುಕಿದ್ದು ಶೋಕೇಸಿನಿಂದಲ್ಲ, ಇಂಥ ಮಕ್ಕಳಿಂದ ಅನ್ನಿಸಿತು. ಅವಳ ಮೇಲೆ ಹೆಮ್ಮೆಯಾಯಿತು. ನನ್ನ ಮೇಲೆ ಆದದ್ದನ್ನು ಬರೆಯುವುದಿಲ್ಲ.

ಕುಬಸಕ್ಕೆ ಹೋದೆವು. ಬಸ್ಸಿನಲ್ಲಿ ಎರಡು ಸಲ ತಿರುಗಿ ಹೋಗೋಣ ಅನ್ನಿಸಿತು. ಗಂಡ ಕಿಟಕಿಯಾಚೆಗಿನ ಜೋಳದ ಹೊಲಗಳನ್ನು ನೋಡುತ್ತ, ನನ್ನ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಶಾಂತಕ್ಕ ಬಾಗಿಲಲ್ಲೇ ಇದ್ದರು. ಶ್ರಾವಣಿ ಓಡಿಹೋಗಿ ಸೊಂಟಕ್ಕೆ ಜೋತುಬಿದ್ದಳು. “ಬಂದ್ರಿ?” ಎಂದರು ನನಗೆ. “ಬಂದ್ವಿ ಅಕ್ಕಾ,” ಎಂದೆ. ಎರಡು ವರ್ಷದ ಮೇಲೆ ನಮ್ಮಿಬ್ಬರ ಬಾಯಿಂದ ಬಂದದ್ದು ಅಷ್ಟೇ.

ಬಸುರಿಯ ಆರತಿ ಮುಗಿಯಿತು. ಬಂಧುಗಳಿಗೆ ಆಯೇರಿ ಶುರುವಾಯಿತು. ನನ್ನ ಸರದಿ ಬಂದಾಗ ಶಾಂತಕ್ಕ ಕುಂಕುಮ ಹಚ್ಚಿದರು, ಉಡಿ ತುಂಬಿದರು, ಅಲ್ಲಿಗೇ ಕೈ ನಿಲ್ಲಿಸಿದರು. ಪಕ್ಕದವರಿಗೆಲ್ಲ ಸೀರೆ ಕೊಟ್ಟವರು ನನಗೆ ಕೊಡಲಿಲ್ಲ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಸೀರೆಗಳ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಆ ಕೈ ನೋಡಿ ನನಗೆ ಅಳು ಬಂತು.

“ನನ್ನ ಸೀರಿ ಎಲ್ಲೈತಿ ಅಕ್ಕಾ?” ಎಂದೆ.

ಶಾಂತಕ್ಕ ಒಳಗೆ ಹೋಗಿ ತಿಜೋರಿ ತೆರೆದು ತಂದರು. ಅದೇ ಸೀರೆ.

“ಆವತ್ತ ಗಡಿಬಿಡ್ಯಾಗ ನಾ ಬಿಚ್ಚಿ ನೋಡಿದ್ದಿಲ್ಲ ಯವ್ವಾ. ನೀ ಬಿಚ್ಚಿದಾಗನ ನಾನೂ ನೋಡಿದ್ದು. ನಿನ್ನ ಹೆಸರಲೆ ತಗದದ್ದು, ಮಾರಾಕ ಮನಸ್ಸಾಗಲಿಲ್ಲ. ಇದು ಬ್ಯಾಡ, ಬ್ಯಾರೆ ಕೊಡ್ತೀನಿ ತಡಿ.”

“ಬ್ಯಾರೆ ಬ್ಯಾಡ. ಇದ ಬೇಕು.”

ಉಟ್ಟ ಸೀರೆಯ ಮೇಲೇ ಅದನ್ನು ಸುತ್ತಿಕೊಂಡೆ. ಬಣ್ಣ ಹೋದ ಗೆರೆ ಎದೆಯ ಮೇಲೇ ಬಂತು. ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಹುಚ್ಚಿ, ಚೊಲೋ ಕಾಣತೈತಿ ಬಿಡು” ಎಂದರು. (ಕಾಣುತ್ತಿರಲಿಲ್ಲ. ಅರಿವೆ ಅಂಗಡಿಯವರ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದೆ.) ಊಟಕ್ಕೆ ಕೂತಾಗ ಅವರು ನನ್ನ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದದ್ದು ಸುರಿದದ್ದೇ.

ಸಂಜೆ ಬಸ್ಸಿನಲ್ಲಿ ಶ್ರಾವಣಿ ನನ್ನ ತೊಡೆಯ ಮೇಲಿನ ಸೀರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅವಳ ತಲೆಯಲ್ಲಿ ಅತ್ತೆ ಬಾಚಿ ಹೆಣೆದ ಎರಡು ಜಡೆ. ಲೆಕ್ಕ ಇನ್ನೂ ಮುಗಿದಿರಲಿಲ್ಲ.

“ಮಮ್ಮಿ, ಸೀರಿ ನಮ್ಮ ಮನಿಗೆ ಬಂತು. ಸಿಟ್ಟು ಈಗ ಯಾರ ಮನ್ಯಾಗ ಐತಿ?”